ಮಧ್ಯಸ್ಥನ ಪಾಲು: ಮೇಡ್ಲೇರಿ ಸೀಮೆಯ ದಲಾಲಿಯ ಪೂರ್ವಕಥೆ

ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿಯೂ ಅದರ ಆಸುಪಾಸಿನ ಹಳ್ಳಿಗಳಲ್ಲಿಯೂ ಒಕ್ಕಲುತನದಿಂದ ಜೀವಿಸುವ ಮನುಷ್ಯನು ತನ್ನ ಆಯುಷ್ಯದಲ್ಲಿ ಮೂರು ಬಗೆಯ ದಲಾಲರನ್ನು ಕಾಣದೆ ಇರಲಾರನು. ದನದ ಸಂತೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆಯನ್ನು ಕುದುರಿಸುವವನು ಒಬ್ಬನು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವನ ಚೀಲಗಳನ್ನು ಇಳಿಸಿಕೊಂಡು ಮಾರಿಕೊಡುವ ದಲಾಲಿ ಅಂಗಡಿಯವನು ಇನ್ನೊಬ್ಬನು. ಮಗಳ ಮದುವೆಗೋ ಮಗನ ಓದಿಗೋ ಹೊಲವನ್ನು ಮಾರಬೇಕಾಗಿ ಬಂದಾಗ, ಅಥವಾ ಕೂಡಿಸಿಟ್ಟ ಹಣದಲ್ಲಿ ರಾಣೇಬೆನ್ನೂರಿನಲ್ಲೊಂದು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಪ್ಲಾಟು ಕೊಳ್ಳಬೇಕೆನಿಸಿದಾಗ, ಕೈಚೀಲದಲ್ಲಿ ಉತಾರದ ನಕಲುಗಳನ್ನಿಟ್ಟುಕೊಂಡು ಬಾಗಿಲಿಗೆ ಬರುವವನು ಮೂರನೆಯವನು. ಈ ಮೂವರಿಗೂ ಸಲ್ಲುವ ಪ್ರತಿಫಲಕ್ಕೆ ದಲಾಲಿ ಎಂದೇ ಹೆಸರು. ಅದನ್ನು ಕೊಡುವುದರಲ್ಲಿ ಯಾರಿಗೂ ಸಂಕೋಚವಿಲ್ಲ, ತೆಗೆದುಕೊಳ್ಳುವುದರಲ್ಲಿಯೂ ಇಲ್ಲ. ಸಂಕೋಚದ ಮಾತು ಹುಟ್ಟುವುದು ನಾಲ್ಕನೆಯವನೊಬ್ಬನ ವಿಷಯದಲ್ಲಿ. ಅವನು ದಲಾಲನಲ್ಲ, ದಲಾಲನನ್ನು ತೋರಿಸಿಕೊಡುವವನು. "ನಮ್ಮವನ ಅದಾನ್ರಿ, ನೀವೇನೂ ಅಂಜಬ್ಯಾಡ್ರಿ" ಎಂದು ಬಂಧುವಾಗಿ, ಜೊತೆಯ ನೌಕರನಾಗಿ, ಊರವನಾಗಿ ಅಭಯವಿತ್ತು, ಖರೀದಿ ಪತ್ರವಾದ ಮೇಲೆ ಆ ದಲಾಲನಿಂದ ತನ್ನ ಪಾಲನ್ನು ಸದ್ದಿಲ್ಲದೆ ಪಡೆಯತಕ್ಕವನು.

ಈ ನಾಲ್ಕನೆಯವನು ಪಡೆಯುವ ಪಾಲು ನ್ಯಾಯವೋ ಅನ್ಯಾಯವೋ ಎಂಬುದನ್ನು ನೀತಿಶಾಸ್ತ್ರದ ಸೂತ್ರಗಳಿಂದ ನಿರ್ಣಯಿಸುವುದಕ್ಕೆ ಮೊದಲು, ಅವನು ನಮ್ಮ ಸೀಮೆಯ ವ್ಯವಹಾರದೊಳಗೆ ಎಲ್ಲಿಂದ, ಯಾವ ಬಾಗಿಲಿನಿಂದ ಒಳಹೊಕ್ಕನೆಂಬುದನ್ನು ವಿಚಾರಿಸುವುದು ಯುಕ್ತವೆಂದು ನನಗೆ ತೋರುತ್ತದೆ. ಏಕೆಂದರೆ ಭೂಮಿಯ ಕ್ರಯವಿಕ್ರಯದಲ್ಲಿ ಅವನಿಗೆ ಸ್ಥಳವೇ ಇಲ್ಲದಿದ್ದ ಕಾಲವೊಂದಿತ್ತು.

ಚೌಡದಾನಪುರದ ಮುಕ್ತೇಶ್ವರ, ಹಾವೇರಿಯ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ ಮೊದಲಾದ ದೇವಾಲಯಗಳು ಎದ್ದ ಚಾಲುಕ್ಯಯುಗದಲ್ಲಿ, ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ 1076ರಿಂದ 1126ರ ವರೆಗೆ ಆಳುತ್ತಿದ್ದಾಗ, ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಭೂಮಿಯು ಆರು ಸಾಧನಗಳಿಂದ ಹೋಗುತ್ತದೆಂಬ ಸ್ಮೃತಿವಚನವೊಂದನ್ನು ಆತನು ಅಲ್ಲಿ ಎತ್ತಿಕೊಂಡು ವಿವರಿಸುತ್ತಾನೆ: ತನ್ನ ಗ್ರಾಮದವರ, ಜ್ಞಾತಿಗಳ, ನೆರೆಹೊಲದವರ ಮತ್ತು ದಾಯಾದಿಗಳ ಅನುಮತಿ ನಾಲ್ಕು, ಹೊನ್ನು ಮತ್ತು ನೀರು ಎರಡು. ಇದನ್ನು ಮೇಲುಮೇಲೆ ಓದಿದವನಿಗೆ ಇಡೀ ಊರಿಗೆ ಊರೇ ಒಪ್ಪದೆ ಹೊಲ ಮಾರಕೂಡದೆಂಬ ನಿರ್ಬಂಧವಾಗಿ ಕಾಣಬಹುದು. ವಿಜ್ಞಾನೇಶ್ವರನು ಹಾಗೆ ಹೇಳುವುದಿಲ್ಲ. ಗ್ರಾಮದವರ ಅನುಮತಿ ಬೇಕಾದುದು ವ್ಯವಹಾರವು ಪ್ರಕಾಶವಾಗಲೆಂದು, ಅಷ್ಟೇ. ಅದಿಲ್ಲದಿದ್ದರೆ ಮಾರಾಟವು ಅಸಿದ್ಧವೆಂದಲ್ಲ. ನೆರೆಯವರ ಅನುಮತಿಯು ಮುಂದೆ ಮೇರೆಯ ಜಗಳವು ಏಳದಿರಲೆಂದು. ಪ್ರತಿಗ್ರಹವು ಬಹಿರಂಗವಾಗಿರಬೇಕು, ಸ್ಥಾವರದ ವಿಷಯದಲ್ಲಂತೂ ವಿಶೇಷವಾಗಿ ಹಾಗಿರಬೇಕು ಎಂಬುದು ಮೂಲಸ್ಮೃತಿಯ ಆಶಯವೂ ಆಗಿದೆ. ಅಂದಿನ ಶಾಸನಗಳನ್ನು ನೋಡಿದರೂ ಅದೇ ಕಾಳಜಿ: ಇಷ್ಟು ಮತ್ತರು, ಇಷ್ಟು ಕಮ್ಮ, ಇಂಥ ಗಳೆಯಿಂದ ಅಳೆದದ್ದು, ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಕಲ್ಲು ಎಂದು ಸಾರಿ ಸಾರಿ ಹೇಳಿ, ಅದನ್ನು ಕಲ್ಲಿನ ಮೇಲೆ ಕೊರೆಯಿಸಿ, ಎಲ್ಲರೂ ಓಡಾಡುವ ಎಡೆಯಲ್ಲಿ ನಿಲ್ಲಿಸುತ್ತಿದ್ದರು.

ಇಂಥ ಏರ್ಪಾಡಿನಲ್ಲಿ ಮಧ್ಯಸ್ಥನಿಗೆ ಮಾಡತಕ್ಕ ಕೆಲಸವೇ ಉಳಿಯುವುದಿಲ್ಲ. ಕೊಳ್ಳುವವನು ಯಾರು, ಮಾರುವವನ ಕಷ್ಟವೇನು, ಹೊಲ ಎರೆಯೋ ಮಸಾರಿಯೋ, ಅದರ ಮೇಲೆ ಯಾರ ಋಣವುಂಟು ಎಂಬುದೆಲ್ಲ ಹತ್ತು ಮಂದಿಗೆ ಮೊದಲೇ ತಿಳಿದಿರುವಾಗ, ತಿಳಿವಳಿಕೆಯನ್ನು ಮಾರಿ ಬದುಕುವವನಿಗೆ ಗಿರಾಕಿಯೆಲ್ಲಿ? ಆದರೆ ಆ ಕಾಲವನ್ನು ಬಹಳವಾಗಿ ಹೊಗಳುವುದೂ ಬೇಡ. ಆ ಹತ್ತು ಮಂದಿಯ ಕೂಟದಲ್ಲಿ ನೆಲವಿಲ್ಲದವನಿಗೆ ಧ್ವನಿಯಿರಲಿಲ್ಲ, ಹೆಂಗಸಿಗೆ ಇರಲಿಲ್ಲ. ಬಹಿರಂಗವೆಂಬುದು ಭೂಮಿಯುಳ್ಳವರ ನಡುವಣ ಬಹಿರಂಗವೇ ಆಗಿತ್ತು. ಹಾಗಿದ್ದರೂ ನೆಲದ ಮಾರಾಟದಲ್ಲಿ ಮುಚ್ಚುಮರೆ ಕೂಡದೆಂಬ ತತ್ತ್ವವನ್ನು ನಮ್ಮ ನಾಡಿನವನೇ ಆದ ಒಬ್ಬ ಧರ್ಮಶಾಸ್ತ್ರಕಾರನು ಇಷ್ಟು ಸ್ಪಷ್ಟವಾಗಿ ವಿಧಿಸಿದ್ದನೆಂಬುದನ್ನು ಮರೆಯಲಾಗದು.

1818ರಲ್ಲಿ ಪೇಶ್ವೆಯ ರಾಜ್ಯವು ಮುಗಿದು ಧಾರವಾಡ ಸೀಮೆಯು ಕಂಪನಿ ಸರಕಾರದ ವಶವಾದ ಮೇಲೆ, ಅದರಲ್ಲಿಯೂ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳ ಕ್ರಮವು 1847ರ ಜಂಟಿ ವರದಿಯಲ್ಲಿ ಸ್ಥಿರಗೊಂಡ ಮೇಲೆ, ಹೊಲವೆಂಬುದು ಸರ್ವೆ ನಂಬರಾಯಿತು. ನಂಬರಿಗೊಬ್ಬ ಖಾತೆದಾರ, ಖಾತೆದಾರನಿಗೆ ಇಷ್ಟು ಆಕಾರ, ಅಂದರೆ ಕಂದಾಯ. ಆಕಾರವನ್ನು ತೆತ್ತವನು ತನ್ನ ನಂಬರನ್ನು ಯಾರಿಗಾದರೂ ಮಾರಬಹುದು, ಒತ್ತೆಯಿಡಬಹುದು. ಊರವರ ಅನುಮತಿಯು ಕಾನೂನಿನ ಕಣ್ಣಿಗೆ ಅನಾವಶ್ಯಕವಾಯಿತು. ಪ್ರಕಾಶದ ಹೊಣೆಯು ಚಾವಡಿಯ ಕಟ್ಟೆಯಿಂದ ನೋಂದಣಿ ಕಚೇರಿಯ ಪುಸ್ತಕಕ್ಕೆ ವರ್ಗವಾಯಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆ, 1903ರ ಮುಂಬಯಿ ಹಕ್ಕುದಾಖಲೆ ಕಾಯಿದೆ, 1908ರ ನೋಂದಣಿ ಕಾಯಿದೆ, ಇವು ಒಂದಾದಮೇಲೊಂದು ಬಂದು ಆ ಪುಸ್ತಕವನ್ನು ದೊಡ್ಡದು ಮಾಡಿದವು. ಖರೀದಿ ಪತ್ರದಲ್ಲಿ ಬರೆದುಕೊಟ್ಟವನ ಹೆಸರುಂಟು, ಬರೆಸಿಕೊಂಡವನ ಹೆಸರುಂಟು, ಸಾಕ್ಷಿದಾರರುಂಟು, ಬಿಕ್ಕಲಂ ಎಂದು ಸಹಿ ಮಾಡಿದ ಬರಹಗಾರನೂ ಉಂಟು, ಚತುಸ್ಸೀಮೆಯುಂಟು, ಹಣದ ಮೊತ್ತವುಂಟು. ದಲಾಲನ ಹೆಸರು ಮಾತ್ರ ಇಲ್ಲ. ಇಂದಿಗೂ ಇಲ್ಲ. ವ್ಯವಹಾರವನ್ನು ಹೊಂದಿಸಿದವನು, ಅದರಿಂದ ಪ್ರತಿಫಲವನ್ನು ಪಡೆದವನು, ಆ ಪತ್ರವನ್ನು ಓದುವ ಪರಸ್ಥನಿಗೆ ಅದೃಶ್ಯನು. ನನ್ನ ಮಟ್ಟಿಗೆ ಈ ಕಥೆಯ ಸಂಧಿಸ್ಥಾನವೇ ಇದು: ಕಾನೂನು ಭೂಮಿಯನ್ನು ಬಹಿರಂಗಪಡಿಸಿತು, ಮಧ್ಯಸ್ಥನನ್ನು ಬಿಟ್ಟುಬಿಟ್ಟಿತು.

ಆ ಅದೃಶ್ಯಸ್ಥಾನವನ್ನು ತುಂಬುವ ಜನ ಬರುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಅಮೆರಿಕೆಯಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಲಂಕಾಶೈರಿಗೆ ಹೋಗುವುದು ನಿಂತಾಗ, ಧಾರವಾಡ ಜಿಲ್ಲೆಯ ಎರೆನೆಲದಲ್ಲಿ ಬೆಳೆಯುತ್ತಿದ್ದ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂದಿತು. ಮುಂಬಯಿಯ ಕೋಠಿಗಳ ಗುಮಾಸ್ತರು, ಅವರ ಕೈಕೆಳಗಿನ ದಲಾಲರು, ದಲಾಲರ ಕೈಕೆಳಗಿನ ಹಳ್ಳಿಯ ಹಸ್ತಕರು ಹೀಗೆ ಸಾಲು ಬೆಳೆಯಿತು. ಹತ್ತಿಯಲ್ಲಿ ಕಾಳು, ಕಸ, ಹೀನ ತಳಿಗಳನ್ನು ಬೆರೆಸುವ ವಂಚನೆಯು ಎಷ್ಟಕ್ಕೆ ಹೋಯಿತೆಂದರೆ ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವುದಕ್ಕೆಂದೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಯುದ್ಧ ಮುಗಿದು ಬೆಲೆ ಬಿದ್ದಿತು. ದಲಾಲರ ಸಾಲು ಉಳಿಯಿತು. ಅದೇ ಶತಮಾನದ ಕೊನೆಗೆ ಹುಬ್ಬಳ್ಳಿಯಿಂದ ಹರಿಹರಕ್ಕೆ ರೈಲು ಬಂದು ರಾಣೇಬೆನ್ನೂರೂ ಬ್ಯಾಡಗಿಯೂ ನಿಲ್ದಾಣಗಳಾದ ಮೇಲಂತೂ, ಕಂಡರಿಯದ ಕೊಳ್ಳುವವನು ಕಂಡರಿಯದ ಮಾರುವವನೊಡನೆ ವ್ಯವಹರಿಸುವುದು ನಿತ್ಯದ ಸಂಗತಿಯಾಯಿತು. ಪರಿಚಯವಿಲ್ಲದ ಎಡೆಯಲ್ಲಿ ಪರಿಚಯಕ್ಕೆ ಬೆಲೆ ಬರುವುದು ಸಹಜ.

ದನದ ಸಂತೆಯ ದಲಾಲನ ರೀತಿ ಬೇರೆ. ಟವಲಿನ ಕೆಳಗೆ ಬೆರಳುಗಳು ಮಾತಾಡುವ ಆ ಪದ್ಧತಿಯನ್ನು ಕಂಡ ಪಟ್ಟಣಿಗನು ಅದನ್ನು ಕಪಟದ ಪರಮಾವಧಿಯೆಂದು ತಿಳಿಯಬಹುದು. ಬೆಲೆ ಗುಪ್ತವೆಂಬುದೇನೋ ನಿಜ. ಆದರೆ ದಲಾಲನು ಗುಪ್ತನಲ್ಲ. ಎತ್ತಿನ ಒಡೆಯನೂ ಕೊಳ್ಳುವವನೂ ಇವನು ದಲಾಲನೆಂದು ಬಲ್ಲರು, ಎರಡೂ ಕಡೆಯಿಂದ ಇವನಿಗೆ ಹಣ ಸಲ್ಲುವುದೆಂದು ಬಲ್ಲರು, ಆ ಹಣವು ಇಬ್ಬರ ಎದುರಿನಲ್ಲಿಯೇ ಕೈಬದಲಾಗುತ್ತದೆ. ತುಂಗಭದ್ರೆಯಲ್ಲಿ ದೋಣಿ ಹಾಕುವ ಅಂಬಿಗನು ಆಚೆದಡಕ್ಕೆ ಮುಟ್ಟಿಸಿದ್ದಕ್ಕೆ ಕೂಲಿ ಕೇಳಿದಂತೆಯೇ ಇವನದೂ. ಅಂಬಿಗರ ಚೌಡಯ್ಯನ ಹೆಸರಿನಿಂದ ಪಾವನವಾದ ಆ ದಂಡೆಯಲ್ಲಿ ಕೂಲಿಯನ್ನು ಯಾರೂ ಹೀನವೆಂದು ಎಣಿಸಿದ್ದಿಲ್ಲ. ಅಂಬಿಗನು ಆಚೆದಡದ ಛತ್ರದವನಿಂದ ತಲೆಗಿಷ್ಟೆಂದು ಹಣ ತೆಗೆದುಕೊಂಡು, "ಅಲ್ಲೇ ಇಳೀರಿ, ಬೇರೆ ಕಡೆ ಕಳ್ಳರದಾರ" ಎಂದು ಪ್ರಯಾಣಿಕನಿಗೆ ಹಿತೋಪದೇಶ ಮಾಡಿದ್ದರೆ ಮಾತು ಬೇರೆಯಾಗುತ್ತಿತ್ತು.

ಬ್ಯಾಡಗಿಯ ಪೇಟೆಯ ಚರಿತ್ರೆ ಈ ವಿಚಾರಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಳಕು ಕೊಡತಕ್ಕದ್ದು. ಖಾರ ಕಡಿಮೆ, ಬಣ್ಣ ಗಾಢ, ಮೈಯೆಲ್ಲ ಸುಕ್ಕು. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಮುಖ್ಯ ಬಗೆಗಳುಳ್ಳ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಈ ಮೆಣಸಿನಕಾಯಿಯ ಹೆಸರಿನಿಂದ ಸಣ್ಣ ಊರೊಂದು ದೇಶದ ದೊಡ್ಡ ಮೆಣಸಿನಕಾಯಿ ಪೇಟೆಗಳಲ್ಲಿ ಒಂದಾಯಿತು. ರೈತನು ಚೀಲಗಳನ್ನು ದಲಾಲಿ ಅಂಗಡಿಯ ಮುಂದೆ ಇಳಿಸುತ್ತಾನೆ. ಅಂಗಡಿಯವನು ಅವನ ಪರವಾಗಿ ಮಾರಿಕೊಡುತ್ತಾನೆ. ಬಿತ್ತನೆಗೆ ಮುಂಗಡ ಕೊಟ್ಟವನೂ ಅನೇಕ ವೇಳೆ ಅವನೇ ಆದದ್ದರಿಂದ ರೈತನು ಬೇರೆ ಅಂಗಡಿಯ ಮೆಟ್ಟಿಲನ್ನು ಹತ್ತುವಂತಿಲ್ಲ. ಹೆಸರಿಗೆ ಅಂಗಡಿಯವನು ರೈತನ ಪಕ್ಷದವನು. ಆದರೆ ರೈತನು ಅವನ ಕಣ್ಣಿಗೆ ಬೀಳುವುದು ಸುಗ್ಗಿಯಲ್ಲಿ ಎರಡು ಮೂರು ಸಲ. ಖರೀದಿದಾರನು ಪ್ರತಿ ಪೇಟೆಯ ದಿನವೂ ಎದುರಿಗೆ ನಿಲ್ಲತಕ್ಕವನು. ವರ್ಷವೆಲ್ಲ ಮುಖ ನೋಡಬೇಕಾದವನ ಕಡೆಗೆ ಮನಸ್ಸು ವಾಲುವುದಕ್ಕೆ ದುಷ್ಟತನವೇ ಬೇಕೆಂದಿಲ್ಲ. ದಲಾಲಿ, ಹಮಾಲಿ, ತೂಕದ ಖರ್ಚು, ಧರ್ಮಾದಾಯ ಎಂದು ರೈತನ ಪಟ್ಟಿಯಲ್ಲಿ ಮುರಿದುಕೊಳ್ಳುತ್ತಿದ್ದ ಕಲಮುಗಳು ಒಂದೊಂದು ಪೇಟೆಯಲ್ಲಿ ಒಂದೊಂದು ತೆರನಾಗಿದ್ದುವು. ಲಾರ್ಡ್ ಲಿನ್‌ಲಿತ್‌ಗೊ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗವು 1928ರಲ್ಲಿ ಇಂಥ ಕಡಿತಗಳನ್ನೂ ವಸ್ತ್ರದ ಮರೆಯ ಬೆಲೆಯನ್ನೂ ಆಕ್ಷೇಪಿಸಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. ಮುಂಬಯಿ ಪ್ರಾಂತವು 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯನ್ನು ಮಾಡಿತು. ರಾಜ್ಯಗಳ ಪುನರ್ವಿಂಗಡಣೆಯಾದ ಬಳಿಕ ನಮ್ಮ ರಾಜ್ಯದ 1966ರ ಕಾಯಿದೆಯು ಆ ಸ್ಥಾನಕ್ಕೆ ಬಂದಿತು.

ಈ ಕಾಯಿದೆಗಳ ಜಾಣ್ಮೆ ಏನೆಂಬುದನ್ನು ಗಮನಿಸಬೇಕು. ಅವು ದಲಾಲನನ್ನು ಓಡಿಸಲಿಲ್ಲ. ಅವನಿಗೆ ಪರವಾನಿಗೆ ಕೊಟ್ಟುವು, ಅವನ ಪ್ರತಿಫಲಕ್ಕೆ ಮಿತಿ ಹಾಕಿದುವು, ಅವನು ಕೊಡುವ ಪಟ್ಟಿಯಲ್ಲಿ ಪ್ರತಿಯೊಂದು ಕಡಿತವೂ ಕಾಣಬೇಕೆಂದುವು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಹೆಜ್ಜೆ ಮುಂದಿಟ್ಟು, ದಲಾಲಿಯನ್ನು ರೈತನಿಂದ ಮುರಿಯಬಾರದು, ಖರೀದಿದಾರನಿಂದ ತೆಗೆದುಕೊಳ್ಳಬೇಕೆಂಬ ನಿಯಮವೂ ನಮ್ಮಲ್ಲಿ ಬಂದಿತು. ಅಂದರೆ, ಯಾರು ಎಷ್ಟು ಎಂಬುದನ್ನು ಹೇಳಿಬಿಟ್ಟರೆ ಸಾಲದು, ಯಾರ ಕಿಸೆಯಿಂದ ಎಂಬುದೂ ನ್ಯಾಯದ ಪ್ರಶ್ನೆಯೇ ಎಂದು ಪೇಟೆಯ ಕಾನೂನು ಅನುಭವದಿಂದ ಕಲಿತುಕೊಂಡಿತು. ನಿಯಮ ಬಂದ ಮಾತ್ರಕ್ಕೆ ನಡೆಯಿತೆಂದಲ್ಲ. ಅಂಕಿತವಿಲ್ಲದ ಬಿಳಿಚೀಟಿಯ ಮೇಲೆ ಲೆಕ್ಕ ಬರೆದು ರೈತನಿಂದಲೇ ಕಮಿಷನ್ ಮುರಿದುಕೊಳ್ಳುವ ಪರಿಪಾಠದ ವಿರುದ್ಧ ರಾಜ್ಯದ ಹಲವು ಮಾರುಕಟ್ಟೆಗಳಲ್ಲಿ ಕೂಗು ಎದ್ದುದನ್ನು ಎಲ್ಲರೂ ಬಲ್ಲರು. 2014ರಿಂದ ಗಣಕಯಂತ್ರದ ಮೂಲಕ ಟೆಂಡರು ಹಾಕುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯು ಬಂದು ಬೆರಳು, ಟವಲು, ಚೀಟಿ ಎಲ್ಲವೂ ಹಳತಾದುವು. ಹಾಗಿದ್ದೂ 2024ರ ಮಾರ್ಚ್ 11ರಂದು ಬೆಲೆ ಹಠಾತ್ತಾಗಿ ಕುಸಿದಾಗ ಬ್ಯಾಡಗಿಯ ರೈತರ ಕ್ರೋಧವು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಾಗಿ ಹತ್ತಿಕೊಂಡಿತು. ಯಂತ್ರವು ಬೆಲೆಯನ್ನು ತೋರಿಸಬಲ್ಲುದೇ ಹೊರತು ಅದರ ಹಿಂದಿನ ಮನುಷ್ಯರ ಮೇಲೆ ವಿಶ್ವಾಸವನ್ನು ಹುಟ್ಟಿಸಲಾರದು.

ಮೆಣಸಿನಕಾಯಿಗೆ ಇಷ್ಟೆಲ್ಲ ವಿಚಾರ ನಡೆಯುತ್ತಿದ್ದಾಗ ನೆಲದ ದಲಾಲಿಯ ಗೋಜಿಗೆ ಯಾರೂ ಹೋಗಲಿಲ್ಲ. ವಕೀಲರ ವಿಷಯದಲ್ಲಿ ಹೋಗಿದ್ದರು: ಕಕ್ಷಿದಾರನನ್ನು ವಕೀಲನಲ್ಲಿಗೆ ಕರೆದೊಯ್ದು ವಕೀಲನಿಂದ ಹಣ ಪಡೆಯುವವರನ್ನು ಕೋರ್ಟಿನ ಆವರಣದಿಂದ ಹೊರಗಿಡಲು 1879ರ ವಕೀಲರ ಕಾಯಿದೆಯ 36ನೆಯ ಕಲಮಿನಲ್ಲಿ ಅವಕಾಶವಿತ್ತು, ಅವರ ಹೆಸರುಗಳ ಯಾದಿಯನ್ನೇ ಕೋರ್ಟಿನಲ್ಲಿ ತೂಗುಹಾಕಬಹುದಾಗಿತ್ತು. ವೈದ್ಯರ ವಿಷಯದಲ್ಲಿಯೂ, ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಕಮಿಷನ್ ಕೊಡುವುದೂ ಪಡೆಯುವುದೂ ದುರ್ವರ್ತನೆಯೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು ಸ್ಪಷ್ಟವಾಗಿ ಹೇಳುತ್ತದೆ. ರೋಗವೂ ವ್ಯಾಜ್ಯವೂ ಮನುಷ್ಯನನ್ನು ಅಸಹಾಯಕನನ್ನಾಗಿ ಮಾಡುವುದರಿಂದ ಅಲ್ಲಿ ಶಿಫಾರಸಿನ ಮಾತು ಮಾರಾಟದ ಸರಕಾಗಬಾರದೆಂಬುದು ಇದರ ತಾತ್ಪರ್ಯ. ಜೀವಮಾನದಲ್ಲಿ ಒಮ್ಮೆ ಸೈಟು ಕೊಳ್ಳುವ ಹಳ್ಳಿಯ ಮಾಸ್ತರನು ಕೋರ್ಟಿನ ಮೆಟ್ಟಿಲಲ್ಲಿ ನಿಂತ ಕಕ್ಷಿದಾರನಿಗಿಂತ ಕಡಿಮೆ ಅಸಹಾಯಕನೆಂದು ನನಗೆ ಅನ್ನಿಸುವುದಿಲ್ಲ.

ಏಕೆಂದರೆ ಅಷ್ಟರಲ್ಲಿ ಭೂಮಿಯ ಸುತ್ತ ಕಾಗದದ ಕಾಡು ಬೆಳೆದಿತ್ತು. ತಲೆತಲಾಂತರದಿಂದ ಊರಿನ ಲೆಕ್ಕವನ್ನು ತನ್ನ ಮನೆಯ ದಫ್ತರದಲ್ಲಿಟ್ಟುಕೊಂಡಿದ್ದ ಕುಲಕರ್ಣಿಯ ವತನವು 1950ರ ಮುಂಬಯಿ ಕಾಯಿದೆಯಿಂದ ಹೋಯಿತು. ಅವನೊಡನೆ ಅವನ ದಬ್ಬಾಳಿಕೆಯೂ ಹೋಯಿತು, ಯಾವ ನಂಬರಿನ ಮೇಲೆ ಯಾರ ತಕರಾರುಂಟೆಂಬ ನೆನಪೂ ಹೋಯಿತು. 1961ರ ಭೂಸುಧಾರಣೆ ಕಾಯಿದೆಗೆ 1974ರಲ್ಲಿ ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿಯಿಂದ ಗೇಣಿದಾರನು ಒಡೆಯನಾದನು. ಅದು ಈ ನಾಡು ಕಂಡ ದೊಡ್ಡ ನ್ಯಾಯಗಳಲ್ಲಿ ಒಂದು. ಆದರೆ ಅದರ ಜೊತೆಗೆ ಒಕ್ಕಲಿಗನಲ್ಲದವನು ಹೊಲ ಕೊಳ್ಳಬಾರದೆಂಬ 79ಎ, 79ಬಿ ಕಲಮುಗಳು, ಬಿನ್‌ಶೇತ್ಕಿಯಾಗದೆ ಪ್ಲಾಟು ಮಾಡಬಾರದೆಂಬ ಕಟ್ಟಳೆ, ಇವುಗಳ ಓಣಿಗಳಲ್ಲಿ ದಾರಿ ತೋರಿಸುವವನೇ ಒಬ್ಬ ಬೇಕಾದನು. 1997ರ ಆಗಸ್ಟ್ 24ರಂದು ಹಾವೇರಿ ಬೇರೆ ಜಿಲ್ಲೆಯಾಗಿ ಕಚೇರಿಗಳು ಬಂದುವು. ಪುಣೆ–ಬೆಂಗಳೂರು ಹೆದ್ದಾರಿಯು ನಾಲ್ಕು ಪಥದ್ದಾಯಿತು. ತುಂಗಾ ಮೇಲ್ದಂಡೆಯ ಕಾಲುವೆ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ತಾಲೂಕುಗಳ ಹೊಲಗಳಿಗೆ ಬಂದಿತು. ಹೊಲದ ಬೆಲೆಯು ಜೋಳದ ಲೆಕ್ಕವನ್ನು ಬಿಟ್ಟು ಚದರಡಿಯ ಲೆಕ್ಕಕ್ಕೆ ಏರಿತು. ಭೂದಾಖಲೆಗಳನ್ನು ಗಣಕಕ್ಕೇರಿಸಿದ 'ಭೂಮಿ' ಯೋಜನೆಯಿಂದ ಉತಾರವು ಯಾರ ಕೈಗಾದರೂ ಸಿಗುವಂತಾದಾಗ ದಲಾಲರು ಕಡಿಮೆಯಾಗುವರೆಂದು ಕೆಲವರು ಎಣಿಸಿದ್ದರು. ಕಾಗದ ಸಿಕ್ಕುವುದೇ ಬೇರೆ, ಅದನ್ನು ಓದಿ ಹೇಳುವವನು ಸಿಕ್ಕುವುದೇ ಬೇರೆ. 2020ರಲ್ಲಿ 79ಎ, 79ಬಿ ಕಲಮುಗಳು ರದ್ದಾದುವು. ದಲಾಲರು ಹೆಚ್ಚಾದರು.

ಈಗ ನಾಲ್ಕನೆಯವನ ಲೆಕ್ಕವನ್ನು ಬಿಡಿಸಿ ನೋಡೋಣ. ಮೇಡ್ಲೇರಿಯ ಶಾಲೆಯಿಂದ ನಿವೃತ್ತನಾಗಲಿರುವ ಮಾಸ್ತರನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ರಾಣೇಬೆನ್ನೂರಿನಲ್ಲಿ ಇಪ್ಪತ್ತು ಲಕ್ಷದ ಪ್ಲಾಟೊಂದನ್ನು ಕೊಳ್ಳಬೇಕೆಂದು, ಹತ್ತು ವರ್ಷ ಒಂದೇ ಬಸ್ಸಿನಲ್ಲಿ ಹೋಗಿಬಂದ ಜೊತೆಗಾರನನ್ನು ಕೇಳುತ್ತಾನೆ. "ನಮ್ಮ ಪೈಕಿ ಒಬ್ಬ ಅದಾನ್ರಿ ಮಾಸ್ತರ್ರ, ಬಾಳ ಚಲೋ ಮನಶಾ" ಎನ್ನುತ್ತಾನೆ ಜೊತೆಗಾರ. ನೂರಕ್ಕೆ ಎರಡರ ರೂಢಿಯಂತೆ ಮಾಸ್ತರನು ನಲವತ್ತು ಸಾವಿರ ದಲಾಲಿ ಕೊಡುತ್ತಾನೆ. ಅದರಲ್ಲಿ ಹತ್ತು ಸಾವಿರ ಜೊತೆಗಾರನ ಮನೆಗೆ ಹೋಗುತ್ತದೆ. ವಿಷಯ ಹೇಗೋ ಹೊರಬಿದ್ದರೆ ಜೊತೆಗಾರನ ಸಮಾಧಾನ ಸಿದ್ಧವಾಗಿಯೇ ಇದೆ: "ನಿಮ್ಮ ಕಿಸೇದಾಗಿಂದ ಏನು ಹೋಗೇತ್ರಿ? ಅಂವಾ ತನ್ನ ಪಾಲಿನಾಗ ಕೊಟ್ಟಾನ." ಈ ಮಾತು ಅರ್ಧ ಸತ್ಯವೂ ಅಲ್ಲ. ಹತ್ತು ಸಾವಿರವನ್ನು ಹಂಚಬೇಕೆಂದು ಮೊದಲೇ ಬಲ್ಲ ದಲಾಲನು ನೂರಕ್ಕೆ ಒಂದೂವರೆಗೆ ಇಳಿಯುವುದು ಹೇಗೆ? ಅದಕ್ಕಿಂತ ಕೆಟ್ಟ ಪರಿಣಾಮವೊಂದುಂಟು. ತನ್ನ ಕೆಲಸದ ಮೇಲೆ ಭರವಸೆಯಿಟ್ಟು ಯಾರಿಗೂ ಪಾಲು ಕೊಡೆನೆಂದು ಹಟ ಹಿಡಿದ ಪ್ರಾಮಾಣಿಕ ದಲಾಲನ ಹೆಸರು ಮಾಸ್ತರನ ಕಿವಿಗೆ ಬೀಳುವುದೇ ಇಲ್ಲ. ಹೀಗೆ ನಾಲ್ಕನೆಯವನ ಪಾಲು ಮೊದಲು ಕೆಡಿಸುವುದು ಒಳ್ಳೆಯ ದಲಾಲನನ್ನೇ. ಕಡೆಗೆ ಅವನೂ ಪಾಲು ಕೊಡಲು ಕಲಿಯುತ್ತಾನೆ, ಇಲ್ಲವೇ ಅಂಗಡಿ ಮುಚ್ಚುತ್ತಾನೆ.

ಹಾಗಾದರೆ ಪಾಲನ್ನು ಪಡೆಯುವುದೇ ತಪ್ಪೆ? ನನಗೆ ಹಾಗೆ ತೋರುವುದಿಲ್ಲ. ಗೊತ್ತಿದ್ದವನೊಬ್ಬನು ತನ್ನ ಸಮಯವನ್ನು ಕೊಟ್ಟು, ಮೂರು ಪ್ಲಾಟು ಸುತ್ತಿಸಿ, ಕಾಗದ ನೋಡಿಸಿ, "ನನಗೂ ಇದರಲ್ಲಿ ಹತ್ತು ಸಾವಿರ ಬರುತ್ತದೆ" ಎಂದು ಮುಂಚಿತವಾಗಿ ಹೇಳಿದರೆ ಅವನು ಕಿರುಬೆರಳಿನಷ್ಟಾದರೂ ದಲಾಲನೇ ಆದನು, ಮಾಸ್ತರನು ಅವನ ಮಾತನ್ನು ದಲಾಲನ ಮಾತೆಂದೇ ತೂಗಿ ನೋಡುವನು. ಅನ್ಯಾಯವಿರುವುದು ಹಣದಲ್ಲಲ್ಲ, ಸ್ನೇಹದ ಮಾತೆಂದು ಬಗೆದು ಕೇಳಿದವನಿಗೆ ಅದೇ ಮಾತನ್ನು ಬೇರೆಯವನಿಗೆ ಮಾರಿದ ಮೇಲೆ ಕೊಡುವುದರಲ್ಲಿ. ದಲಾಲಿ ಅಂಗಡಿಯವನು ಖರೀದಿದಾರನ ಕಡೆಗೆ ವಾಲಿದರೆ ರೈತನಿಗೆ ಆಶ್ಚರ್ಯವಿಲ್ಲ, ಅವನು ಪೇಟೆಯವನು; ಒಂದೇ ಬಸ್ಸಿನ ಜೊತೆಗಾರನು ವಾಲಿದ್ದು ತಿಳಿದರೆ ಮುರಿಯುವುದು ವ್ಯವಹಾರವಲ್ಲ, ಮನೆಗಳ ನಡುವಣ ಹೋಗಿಬರುವಿಕೆ.

ಬೇರೆ ದೇಶಗಳು ಇದರಲ್ಲಿ ನಮಗಿಂತ ಬಹಳ ಮುಂದುವರಿದಿವೆಯೆಂದೂ ಹೇಳಲಾಗದು. ಅಮೆರಿಕೆಯು 1974ರ ಕಾಯಿದೆಯೊಂದರ ಎಂಟನೆಯ ಕಲಮಿನಿಂದ, ಮನೆಖರೀದಿಯ ಸಂಬಂಧದಲ್ಲಿ ಸಾಲ, ವಿಮೆ, ಹಕ್ಕುಪರಿಶೀಲನೆ ಮೊದಲಾದ ಸೇವೆಗಳಿಗೆ ಗಿರಾಕಿಯನ್ನು ಕಳಿಸಿದ್ದಕ್ಕೆ ಹಣ ಪಡೆಯುವುದನ್ನು ನಿಷೇಧಿಸಿತು. ಆದರೆ ಆ ಕಲಮೇ ದಲಾಲರು ದಲಾಲರಿಗೆ ಕೊಟ್ಟುಕೊಳ್ಳುವ ಶಿಫಾರಸಿನ ಪಾಲನ್ನು ಹೊರಗಿಟ್ಟಿತು.

ನಮ್ಮಲ್ಲಿ ಸಾಮಾನ್ಯವಾಗಿ ರೇರಾ ಎಂದು ಕರೆಯುವ 2016ರ ಕಾಯಿದೆಯು ನೆಲದ ದಲಾಲನನ್ನು ಹೆಸರಿಟ್ಟು ಕರೆಯಿತು. ಕೊಳ್ಳುವವನನ್ನೂ ಮಾರುವವನನ್ನೂ ಒಬ್ಬರಿಗೊಬ್ಬರಿಗೆ ಪರಿಚಯಿಸಿ ಅದಕ್ಕಾಗಿ ಕಮಿಷನ್ ರೂಪದಲ್ಲಿಯೋ ಬೇರೆ ರೂಪದಲ್ಲಿಯೋ ಪ್ರತಿಫಲ ಪಡೆಯುವವನು, ಅವನನ್ನು ಏನೆಂದು ಕರೆದರೂ ಸರಿಯೇ, ಏಜೆಂಟನೆಂದೂ, ಅವನು ನೋಂದಾಯಿಸಿಕೊಳ್ಳದೆ ಆ ಕೆಲಸ ಮಾಡಕೂಡದೆಂದೂ, ಮಾಡಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಯಂತೆ, ಸ್ವತ್ತಿನ ಬೆಲೆಯ ನೂರಕ್ಕೆ ಐದರ ವರೆಗೆ ಏರಬಹುದಾದ ದಂಡವೆಂದೂ ಆ ಕಾಯಿದೆ ಹೇಳುತ್ತದೆ. ಬಸ್ಸಿನ ಜೊತೆಗಾರನು ಈ ವ್ಯಾಖ್ಯೆಯನ್ನು ಎಂದೂ ಓದಿರಲಾರನು; ಓದಿದರೆ ತಾನೂ ಅದರೊಳಗೆ ಸಿಕ್ಕಿಬಿದ್ದೇನೋ ಎಂದು ಬೆಚ್ಚಿಬೀಳಬಹುದು. ಆದರೆ ಈ ಕಾಯಿದೆಯ ಕೈ ಮುಟ್ಟುವುದು ನೋಂದಾಯಿತ ಬಡಾವಣೆ ಮತ್ತು ಕಟ್ಟಡಗಳ ಯೋಜನೆಗಳನ್ನು. 500 ಚದರ ಮೀಟರಿಗೆ ಮೀರದ ನೆಲದ ಯೋಜನೆ ನೋಂದಣಿಯಿಂದ ಹೊರಗೆ, ಮೇಡ್ಲೇರಿಯ ಎರೆಹೊಲವು ರೈತನಿಂದ ರೈತನಿಗೆ ಮಾರಾಟವಾಗುವುದು ಅದರ ಹೊರಗೆ.

ಆ ಹೊಲದ ಮಟ್ಟಿಗೆ ಉಳಿಯುವುದು 1872ರ ಕರಾರು ಕಾಯಿದೆ. ಅದರ 216ನೆಯ ಕಲಮಿನಂತೆ, ಒಡೆಯನಿಗೆ ತಿಳಿಸದೆ ಏಜೆಂಟನು ಆ ವ್ಯವಹಾರದಲ್ಲಿ ತನಗಾಗಿಯೇ ವ್ಯವಹರಿಸಿದರೆ ಬಂದ ಲಾಭವನ್ನು ಒಡೆಯನು ಕೇಳಬಹುದು. 220ನೆಯ ಕಲಮಿನಂತೆ, ದುರ್ವರ್ತನೆ ಮಾಡಿದ ಏಜೆಂಟನು ಆ ಭಾಗದ ಪ್ರತಿಫಲಕ್ಕೆ ಹಕ್ಕುದಾರನಲ್ಲ. ಮಾರುವವನಿಗೆ ಒಂದು ಬೆಲೆ, ಕೊಳ್ಳುವವನಿಗೆ ಇನ್ನೊಂದು ಬೆಲೆ ಹೇಳಿ ನಡುವಣ ಹಣವನ್ನು ನುಂಗುವ ದಲಾಲನು ಈ ಬಲೆಗೆ ಬೀಳುವನು. ನಾಲ್ಕನೆಯವನೋ, ಯಾರ ಏಜೆಂಟನೂ ಅಲ್ಲವೆಂದು ಹೇಳಿಕೊಂಡು ಇದರ ಕಣ್ಣಿನಿಂದಲೂ ಜಾರಿಕೊಳ್ಳಬಹುದು. ಅವನನ್ನು ಹಿಡಿಯಲು ಉಳಿದಿರುವ ಒಂದೇ ಎಡೆಯೆಂದರೆ ಖರೀದಿಗೆ ಮೊದಲು ಬರೆಯುವ ಸಂಚಕಾರ ಪತ್ರ. ಅದರಲ್ಲಿ ಬೆಲೆಯುಂಟು, ಮುಂಗಡವುಂಟು, ವಾಯಿದೆಯುಂಟು. ದಲಾಲಿ ಎಷ್ಟು, ಅದರಲ್ಲಿ ಯಾರ್ಯಾರಿಗೆ ಪಾಲು ಎಂಬ ಒಂದು ಸಾಲನ್ನು ಸೇರಿಸುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಹಾಗೆ ಬರೆಯಿಸುವುದಕ್ಕೆ ಅಡ್ಡ ಬರುವುದು ದಾಕ್ಷಿಣ್ಯ. ಬರೆಯುವ ದಿನ ಆ ಜೊತೆಗಾರನೂ ಪಕ್ಕದ ಕುರ್ಚಿಯಲ್ಲಿಯೇ ಕುಳಿತಿರುತ್ತಾನೆ, ಸಾಕ್ಷಿಯ ಸಹಿ ಹಾಕುವವನೂ ಅನೇಕ ವೇಳೆ ಅವನೇ.